ಟ್ಯಾಂಕರ್ ಕಪಿಲ

ಏಪ್ರಿಲ್ 11, ಕೋಟನೂರ
ಇವತ್ತೂ ನಲ್ಲಿಗೆ ನೀರಿಲ್ಲ. ಕೊಚ್ಚಿಯ ನೌಕಾನೆಲೆಯಿಂದ ಫೋನೂ ಇಲ್ಲ. ನಮ್ಮ ಹಡಗಿಗೆ ಈ ತಿಂಗಳೇ ನಿವೃತ್ತಿ. ಕೊನೆಯ ಸಲ ಬಾವುಟ ಇಳಿಸುವಾಗ ಹಳೆಯ ನಾವಿಕರನ್ನು ಕರೆಯುತ್ತಾರೆ. ಹೆಸರು ಕೊಟ್ಟಿದ್ದೇನೆ, ಫೋನಿನಲ್ಲೇ ತಿಳಿಸುತ್ತಾರಂತೆ. ಅರ್ಧ ಆಯುಷ್ಯ ಅದರಲ್ಲೇ ಕಳೆದವನು. ಹೋಗಲೇಬೇಕು.

ಏಪ್ರಿಲ್ 14, ಕಮಲಾಪುರ
ಹುಟ್ಟೂರಿನ ಜಯಂತಿಯಲ್ಲಿ ನನಗೆ ಸನ್ಮಾನ. ಊರ ಬಾಗಿಲಿಗೇ ಫ್ಲೆಕ್ಸ್— ‘ನೌಕಾಪಡೆಯ ಟ್ಯಾಂಕರ್ ಕಪಿಲ’. ಪಕ್ಕದಲ್ಲಿ ನೀಲಿ ನೀರಿನ ಲಾರಿಯ ಚಿತ್ರ! ಕೆಳಗೆ ನನ್ನ ಮೊಬೈಲ್ ನಂಬರ್. ಮಾಡಿಸಿದವನು ಅಣ್ಣನ ಮಗ ವಿಶ್ವಾಸ.

“ನೀವೇ ಫ್ಲೀಟ್ ಟ್ಯಾಂಕರ್ ಅಂದಿದ್ರಲ್ಲ ಕಾಕಾ?”

“ಅದು ಹಡಗೋ!”

“ಜಾಗಾ ಸಾಲಲಿಲ್ರೀ. ಹಡಗು ಅನ್ನೋದು ಬಿಟ್ಟೀನಿ.”

ತಲೆ ಚಚ್ಚಿಕೊಂಡೆ. ಭಾಷಣದಲ್ಲಿ ಬಿಡಿಸಿ ಹೇಳಿದೆ— ನಡುಗಡಲಲ್ಲಿ ಜೊತೆಜೊತೆಗೆ ಓಡುತ್ತಲೇ ಯುದ್ಧನೌಕೆಗಳಿಗೆ ಪೈಪಿನಲ್ಲಿ ಎಣ್ಣೆ ಕೊಡುತ್ತಿದ್ದೆವು, ನಾವಿಲ್ಲದಿದ್ದರೆ ಅವು ಅರ್ಧ ದಾರಿಯಲ್ಲೇ ನಿಲ್ಲುತ್ತಿದ್ದವು ಅಂತ. ಯಾರಿಗೆ ಬೇಕು? ಸುನಾಮಿಯಲ್ಲಿ ಕುಡಿಯುವ ನೀರನ್ನೂ ಒಯ್ದೆವು ಅಂದೆ. ಅದೊಂದು ಮಾತ್ರ ಕಿವಿಗೆ ಬಿತ್ತು.

“ಹಂಗಾದ್ರ ನೀರಿನ ಟ್ಯಾಂಕರೇ ಆತಲ್ರೀ!” ಅಂದ ಅಧ್ಯಕ್ಷ ಅಂಬಣ್ಣ. ಚಪ್ಪಾಳೆಯೋ ಚಪ್ಪಾಳೆ.

ಏಪ್ರಿಲ್ 17
ಬೆಳಗಿನಿಂದ ಫೋನು. ಬಷೀರುನ್ನೀಸಾ ಅಂತೆ, ಯಾರೋ ಏನೋ: “ಭಾಯಿ, ಶಾದಿ ಮನಿ ಅದ. ಎರಡು ಟ್ಯಾಂಕರ್ ಕಳಸ್ರಿ.” ಇಲ್ಲಮ್ಮಾ ಅಂದರೆ ನಂಬುವುದಿಲ್ಲ. ಆಫ್ ಮಾಡೋಣವೆಂದರೆ ಕೊಚ್ಚಿಯವರದು ಬರಬೇಕಲ್ಲ.

ಹೆಂಡತಿ ಯಶೋಧರಾಗೆ ನಗೆಯೋ ನಗೆ. “ಒಂದು ಟ್ಯಾಂಕರ್ ತಗೊಂಡೇ ಬಿಡ್ರಿ. ಪೆನ್ಶನ್‌ಗಿಂತ ಚಲೋ ನಡೀತದ.”

ಏಪ್ರಿಲ್ 19
ಸ್ಟೇಶನ್ ಬಜಾರಿನ ಗದ್ದಲದಲ್ಲಿದ್ದೆ. ಫೋನು. ಹೊಸ ನಂಬರ್, ಹಿಂದಿ.

“ಟ್ಯಾಂಕರ್‌ವಾಲೇ ಕಪಿಲ್?”

ಗಂಜ್ ಮಾರ್ಕೆಟ್ಟಿನ ಯಾವನೋ ಸೇಠ್ ಇರಬೇಕು. ತಲೆ ಕೆಟ್ಟಿತು. ಟ್ಯಾಂಕರೂ ಇಲ್ಲ, ಗೀಂಕರೂ ಇಲ್ಲ, ಇನ್ನೊಮ್ಮೆ ಮಾಡಿದರೆ ನೋಡು ಅಂತ ಅವನ ಭಾಷೆಯಲ್ಲೇ ಬೈದೆ. ನಂಬರ್ ಬ್ಲಾಕ್. ಆಹಾ, ಎಷ್ಟು ಸಮಾಧಾನ!

ಏಪ್ರಿಲ್ 30
ಬಾವುಟ ಇಳಿಯಿತು. ನಿನ್ನೆಯೇ. ವಿಶ್ವಾಸ ಮೊಬೈಲಿನಲ್ಲಿ ಫೋಟೋ ತೋರಿಸಿದ. ಹಳಬರೆಲ್ಲ ಸಾಲಾಗಿ ನಿಂತಿದ್ದಾರೆ. ನನ್ನ ಜೊತೆ ಪೈಪ್ ಹಿಡಿಯುತ್ತಿದ್ದ ಬೀದರಿನ ನೋಮಾನ್ ಕೂಡ. ಸಿಟ್ಟಿನಲ್ಲೇ ಅವನಿಗೆ ಫೋನ್ ಮಾಡಿದೆ— ನನ್ನನ್ನೇಕೆ ಕರೆಯಲಿಲ್ಲ?

“ಕರದಾರಲ್ಲೋ! ಟ್ಯಾಂಕರ್ ಇಲ್ಲ ಅಂತ ಬೈದು ಇಟ್ಟಿ ಅಂತಲ್ಲ? ನಿನ್ನ ಕುರ್ಚಿ ಕಡೀತನಕ ಖಾಲಿ ಇತ್ತು.”

ಹೌದು. ಹಡಗಿನ ಹೆಸರನ್ನು ನಮ್ಮಲ್ಲಿ ಯಾರು ಹೇಳುತ್ತಿದ್ದರು? ಟ್ಯಾಂಕರ್ ಅಂತಲೇ ಅನ್ನುತ್ತಿದ್ದೆವು. ನಾನೂ.

ಅತ್ತುಬಿಟ್ಟೆ. ಯಶೋಧರಾ ನಗಲಿಲ್ಲ.

ಈಗ ಮತ್ತೆ ಫೋನು. “ಟ್ಯಾಂಕರ್ ಕಪಿಲ ಅವ್ರೇನ್ರೀ?”

ಹೌದ್ರೀ ಅಂದೆ. ನಾನೇ ಟ್ಯಾಂಕರ್ ಕಪಿಲ.