ರೋಡೆಲ್ ಕೊಟ್ಟ ಎಂಟು

ಬುಧವಾರ, ಆಗಸ್ಟ್ 14

ರೋಡೆಲ್ ಮೇಲೆ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ. ಅದೇ ಕೊರೆಯುತ್ತಿದೆ.

ಇಪ್ಪತ್ತು ವರ್ಷ ನಮ್ಮೂರ ಪೂಲ್ ಹಾಲ್‌ನಲ್ಲಿ ಯಾರೂ ನನ್ನೆದುರು ಸರಿಸಮ ಆಡುತ್ತಿರಲಿಲ್ಲ. ಗೆಲ್ಲಲು ನಾನು ಒಂಬತ್ತನೇ ಚೆಂಡನ್ನೇ ಗುಂಡಿಗೆ ಹಾಕಬೇಕು. ಅವರು ಎಂಟು ಹಾಕಿದರೂ ಗೆದ್ದ ಹಾಗೆ. ತೈಪೆ, ದೋಹಾಗಳಲ್ಲಿ ಕಪ್ ಗೆದ್ದು ಬಂದವನು ಊರವರಿಗೆ ಕೊಡುವ ರಿಯಾಯಿತಿ ಅದು. ಬಾಡಿಗೆಗೆ ಟ್ರೈಸಿಕಲ್ ಓಡಿಸುವ ರೋಡೆಲ್‌ಗಂತೂ ಏಳನ್ನೂ ಕೊಡುತ್ತಿದ್ದೆ. "ಎಡಗೈಲಿ ಆಡಣ್ಣಾ, ಆಮೇಲೆ ನೋಡೋಣ" ಎಂದು ಅದರ ಮೇಲೂ ಚೌಕಾಸಿ ಮಾಡುತ್ತಿದ್ದ.

ಹೋದ ವರ್ಷ ಏಳು ಕೊಡುವುದನ್ನು ನಿಲ್ಲಿಸಿದೆ. ಈಸ್ಟರ್ ಆದ ಮೇಲೆ ಎಂಟನ್ನೂ. ಇವತ್ತು ಮಧ್ಯಾಹ್ನ ಸರಿಸಮ ಆಡಿ ಅವನಿಗೆ ಸತತ ನಾಲ್ಕು ಆಟ ಸೋತೆ.

ಐದನೆಯದಕ್ಕೆ ಚೆಂಡು ಜೋಡಿಸುತ್ತಾ, ತಲೆ ಎತ್ತದೆ ಅಂದ, "ಅಣ್ಣಾ, ನೀನು ಎಂಟು ಹಾಕಿದ್ರೂ ಸಾಕು ಬಿಡು."

ಯಾರಾದರೂ ನಗಬಹುದಿತ್ತು. ಹಾಲ್ ಯಜಮಾನಿ ಪುರಿಂಗ್ ನನ್ನನ್ನು ಗೇಲಿ ಮಾಡದೆ ಒಂದು ದಿನವೂ ಕಾಫಿ ಕೊಟ್ಟವಳಲ್ಲ. ಅವಳೂ ಫ್ಯಾನಿನ ಕಡೆ ಮುಖ ತಿರುಗಿಸಿದಳು. "ಎಂಟಾ? ಹೋಗಿ ನಿಮ್ಮಪ್ಪಂಗೆ ಕೊಡು" ಎನ್ನುವುದು ನಾಲಿಗೆ ತುದಿಗೆ ಬಂದಿತ್ತು.

"ಸರಿ" ಅಂದೆ.

ಮುಂದಿನ ತಿಂಗಳು ಮನಿಲಾದಲ್ಲಿ ಅರ್ಹತಾ ಪಂದ್ಯ. ಅಲ್ಲಿ ಯಾರೂ ಎಂಟು ಕೊಡುವುದಿಲ್ಲ.

ಮನೆಗೆ ಬಂದಾಗ ನನ್ನವಳು ಮೀನು ಹುರಿಯುತ್ತಿದ್ದಳು. "ಏನಾಯ್ತು ಇವತ್ತು?"

"ಕೊನೇ ಆಟ ಗೆದ್ದೆ."

ಖುಷಿಯಿಂದ ದೊಡ್ಡ ಮೀನನ್ನೇ ತಟ್ಟೆಗೆ ಹಾಕಿದಳು. ಎಂಟು ಹಾಕಿ ಗೆದ್ದೆ ಎಂದು ಹೇಳಲಿಲ್ಲ. ಒಂಬತ್ತು ಇನ್ನೂ ಮೇಜಿನ ಮೇಲಿತ್ತು, ಗುಂಡಿಯ ಬಾಯಲ್ಲೇ. ಅದನ್ನೂ ಹಾಕಿಬಿಡು ಎಂದು ಯಾರಾದರೂ ಅನ್ನುವ ಮೊದಲೇ ನಾನು ಆಟದ ಕೋಲನ್ನು ಎರಡು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದೆ.