ಕೌದಿ ಚೀಲದ ಪಾನಾ

ಬನವಾಸಿ ರಸ್ತೆ, ಶಿರಸಿ
೧೧ ನವೆಂಬರ್ ೨೦೨೪

ಪ್ರೀತಿಯ ಮಗಳು ಜ್ಯೋತಿಗೆ,

ಆರಾಮ ಇದ್ದೀಯಾ? ಹುಬ್ಬಳ್ಳಿಯ ಧೂಳಿಗೆ ನಿನ್ನ ಸೀನು ಹೆಚ್ಚಾಗಿರಬೇಕು. ಅಲ್ಲಿನ ಗ್ಯಾರೇಜಿನ ಕೆಲಸದಲ್ಲಿ ಮಧ್ಯಾಹ್ನದ ಊಟ ತಪ್ಪಿಸಬೇಡ. ನಿಮ್ಮವ್ವ ನಿನ್ನ ಜೊತೆ ಫೋನಿನಲ್ಲಿ ಮಾತಾಡುವಾಗ ನಾನು ಬಾಗಿಲ ಆಚೆ ನಿಂತು ಕೇಳುತ್ತೇನೆ. ಅದು ಅವಳಿಗೂ ಗೊತ್ತು, ಅದಕ್ಕೇ ದೊಡ್ಡ ದನಿಯಲ್ಲಿ ಮಾತಾಡುತ್ತಾಳೆ. ನಾನೇ ಫೋನ್ ಹಿಡಿದರೆ ನಂಬರ್ ಒತ್ತುವ ಮೊದಲೇ ಇಟ್ಟುಬಿಡುತ್ತೇನೆ. ಎರಡು ವರ್ಷ ಹೀಗೇ ಹೋಯಿತು, ಅದಕ್ಕೆ ಈ ಕಾಗದ.

ವಿಷಯ ಇಷ್ಟೇ. ನಮ್ಮ ಎಪ್ಪತ್ನಾಲ್ಕರ ಅಂಬಾಸಿಡರ್‌ನ ಮುಂದಿನ ಎಡಚಕ್ರ ತಗ್ಗು ಬಂದಲ್ಲೆಲ್ಲ ಟಕ್ ಟಕ್ ಅನ್ನತೊಡಗಿತು. ಚಕ್ರವನ್ನು ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಶ್ ಹೋಗಿದೆ ಎಂದು ಸದ್ದು ಕೇಳಿದ ಕೂಡಲೇ ಗೊತ್ತಾಯಿತು. ಬಿಚ್ಚಲು ಕೂತರೆ ನಟ್ಟಿಗೆ ಸರಿಯಾಗಿ ಕೂರುವ ಪಾನಾ ಇಲ್ಲ. ಆ ಗಾಡಿಯ ನಟ್ಟೆಲ್ಲ ಇಂಚಿನ ಅಳತೆಯವು, ಗ್ಯಾರೇಜಿನಲ್ಲಿ ಉಳಿದಿರುವುದೆಲ್ಲ ಮಿಲಿಮೀಟರಿನ ಪಾನಾ. ಹದಿನಾಲ್ಕು ಒಳಗೆ ಹೋಗುವುದಿಲ್ಲ, ಹದಿನೈದು ಜಾರುತ್ತದೆ. ಹಟಕ್ಕೆ ಬಿದ್ದು ಹದಿನೈದನ್ನೇ ತಿರುವಿ ಒಂದು ನಟ್ಟಿನ ಮೂಲೆ ಸವೆಸಿದೆ. ನೀನಿದ್ದಿದ್ದರೆ ನನ್ನ ಕೈಯಿಂದ ಕಸಿದುಕೊಳ್ಳುತ್ತಿದ್ದೆ. ಈಗಲೂ ಗಾಡಿಯ ಕೆಳಗೆ ಮಲಗಿ, ಇಂಚಿನ ಅಳತೆಯಲ್ಲೇ ಒಂಬತ್ತು-ಹದಿನಾರು ಎಂದು ಕೂಗಿ ಕೈ ಚಾಚುತ್ತೇನೆ. ಯಾರೂ ಕೊಡುವುದಿಲ್ಲ. ಇಂಚಿನ ಪಾನಾಗಳೆಲ್ಲ ನಿಮ್ಮವ್ವ ಹಳೇ ಕೌದಿ ಕತ್ತರಿಸಿ ಹೊಲಿದ ಚೀಲದಲ್ಲಿ, ನಿನ್ನ ಹತ್ತಿರ ಇವೆ.

ಬೇರೆ ಎಲ್ಲಾದರೂ ಸಿಕ್ಕೀತೆಂದು ಹೊರಟೆ. ಯಲ್ಲಾಪುರದಲ್ಲಿ, ಅರಬೈಲ್ ಘಟ್ಟ ಹತ್ತಿ ಸುಸ್ತಾಗಿ ಬರುವ ಲಾರಿಗಳ ರಿಪೇರಿ ಮಾಡುವವರನ್ನೆಲ್ಲ ಕೇಳಿದೆ. ಪಾನಾ ಇಲ್ಲ ಎಂದರು. ಆಮೇಲೆ, "ಮಗಳು ಎಂತಕ್ಕೆ ಬರ್ಲಿಲ್ಲ ಈ ಸಲ?" ಎಂದರು. ಕೆಲಸ ಜಾಸ್ತಿ ಎಂದು ಸುಳ್ಳು ಹೇಳಿದೆ. ಸಿದ್ದಾಪುರದ ಪಂಪು ರಿಪೇರಿಯ ಚೌಡಣ್ಣನ ನೆನಪಾಗಿ ಅವನಲ್ಲಿಗೂ ಹೋದೆ. ಹಳೇ ಡೀಸೆಲ್ ಎಂಜಿನ್ನುಗಳಿಗೂ ಇಂಚಿನ ನಟ್ಟೇ ಅಲ್ಲವೇ. ಅವನು ಎಣ್ಣೆ ಡಬ್ಬಿಯೊಳಗೆ ಕೈ ಹಾಕಿ ಒಂಬತ್ತು-ಹದಿನಾರರ ಪಾನಾ ತೆಗೆದ. "ಜ್ಯೋತಿ ಬಂದ್ರೆ ಕೊಡುವಾ ಅಂತ ಇಟ್ಟಿದ್ದೆ" ಎಂದ. ನಾನು ಪಾನಾ ಹುಡುಕುತ್ತ ಹೋದಲ್ಲೆಲ್ಲ ಜನ ನಿನ್ನನ್ನು ಹುಡುಕುತ್ತಿದ್ದರು. ವಾಪಸು ಬರುವ ಬಸ್ಸಿನಲ್ಲಿ ಶಿರಸಿ ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ.

ಬುಶ್ ಬಿಚ್ಚಿ ನೋಡಿದೆ. ರಬ್ಬರು ಸವೆದಿರಲಿಲ್ಲ, ತಿರುಚಿ ಹರಿದಿತ್ತು. ಎರಡು ವರ್ಷದ ಹಿಂದೆ ಅದನ್ನು ಹಾಕಿದವನು ನಾನೇ. ಆ ದಿನ ಗಾಡಿ ಜಾಕಿನ ಮೇಲೆ ಇರುವಾಗಲೇ ನಟ್ಟು ಬಿಗಿ ಮಾಡುತ್ತಿದ್ದೆ. "ಅಪ್ಪಾ, ಗಾಡಿ ಕೆಳಗ ಇಳಸ್ರಿ. ಭಾರ ಬಿದ್ದ ಮ್ಯಾಲೆ ಕಡೇ ಬಿಗಿ ಕೊಡಬೇಕು, ಇಲ್ಲಾಂದ್ರ ರಬ್ಬರ್ ತಿರುಚತೈತಿ" ಅಂದೆ ನೀನು. ಗಿರಾಕಿಗಳು ನಿಂತಿದ್ದರು. ಮೂವತ್ತು ವರ್ಷ ಪಾನಾ ಹಿಡಿದವನಿಗೆ ಎಲ್ಲರ ಮುಂದೆ ಮಗಳು ಪಾಠ ಹೇಳುವುದೇ ಎಂದು ಸಿಟ್ಟು ನೆತ್ತಿಗೇರಿತು. ಬಿಗಿ ಮುಗಿಸಿ ಎದ್ದವನೇ, "ಅಷ್ಟ್ ತಿಳೀತಿದ್ರ ನಿಂದ ಬ್ಯಾರೆ ಗ್ಯಾರೇಜ್ ಹಾಕ್ಕೊ" ಎಂದು ಚೀಲವನ್ನು ನಿನ್ನ ಕಾಲ ಬಳಿ ಎಸೆದೆ. ನೀನು ಅದನ್ನು ಎತ್ತಿಕೊಂಡು ಹೋದೆ.

ತಪ್ಪು ನನ್ನದು, ಜ್ಯೋತಿ. ಹರಿದ ಬುಶ್ಶನ್ನು ಯಾರಿಗೂ ಕಾಣದಂತೆ ಎಸೆದುಬಿಡಬಹುದಿತ್ತು, ಮನಸ್ಸಾಗಲಿಲ್ಲ. ಎರಡು ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿ, ಕಡೆಗೆ ನಿಮ್ಮವ್ವನಿಗೆ ತೋರಿಸಿದೆ. "ನನಗ್ಯಾಕ ತೋರಸ್ತೀರಿ, ಆಕಿಗೆ ತೋರಸ್ರಿ" ಎಂದು ಅವಳು ರೊಟ್ಟಿ ಬಡಿಯಲು ಹೋದಳು. ನೀನಿಲ್ಲದ ಗ್ಯಾರೇಜಿನಲ್ಲಿ ನನಗೆ ಹೊತ್ತು ಹೋಗುವುದಿಲ್ಲ. ನೀನು ಕೂರುತ್ತಿದ್ದ ಟೈರಿನ ಮೇಲೆ ಯಾರಾದರೂ ಕೂತರೆ ಎಬ್ಬಿಸಿಬಿಡುತ್ತೇನೆ.

ಹೊಸ ಬುಶ್ ತರಿಸಿದ್ದೇನೆ. ಉಳಿದ ನಟ್ಟುಗಳಿಗೆ ಉಳಿದ ಅಳತೆಗಳೂ ಬೇಕಾಗಬಹುದು. ಚೀಲವನ್ನು ಶಿರಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದರೆ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇನೆ.

ನಿಮ್ಮವ್ವ ನಿನಗೆ ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದಾಳೆ. ಬನವಾಸಿಯ ಮಧುಕೇಶ್ವರ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಚನ್ನಬಸವ

ತಾ.ಕ.: ಚೀಲವನ್ನು ಕಂಡಕ್ಟರ್ ಕೈಗೆ ಕೊಡಬೇಡ. ಮೇಲಿನದನ್ನು ಬರೆದಿಟ್ಟು ಕೆಲಸಕ್ಕೆ ಕೂತೆ, ಚೌಡಣ್ಣನ ಪಾನಾ ಒಂದೇ ಸಾಕಾಯಿತು. ಹೊಸ ಬುಶ್ ಕೂರಿಸಿ, ಗಾಡಿಯನ್ನು ಜಾಕಿನಿಂದ ಇಳಿಸಿದ್ದೇನೆ. ನಟ್ಟನ್ನು ಬರಿಗೈಯಲ್ಲಿ ತಿರುವಿ ಹಾಗೇ ಬಿಟ್ಟಿದ್ದೇನೆ. ಕಡೇ ಬಿಗಿ ನೀನು ಬಂದು ಕೊಡು. ಗಿರಾಕಿಗಳು ಇರುವ ಹೊತ್ತಿಗೇ ಬಾ.