ಅಕ್ಕ ನಡೆದು ಬರುತ್ತಿದ್ದ ಕೆರೆ

ಜೂನ್ 11, ಬೆಳಿಗ್ಗೆ

ದೋಣಿಯ ಸಂದುಗಳಿಗೆ ಹತ್ತಿ ತುರುಕಿದೆ, ಡಾಂಬರು ಬಳಿದೆ. ನಿನ್ನೆಯೂ ಇದೇ ಕೆಲಸ, ನಾಳೆಯೂ ಇದೇ. ಮೂರು ವರ್ಷ ಒಣ ದಡದಲ್ಲಿ ಮಲಗಿ ಹಲಗೆಗಳು ಬಾಯಿ ಬಿಟ್ಟಿವೆ. ಬೆರಳು ತೂರಿಸಿದರೆ ಆ ಕಡೆ ಬರುತ್ತದೆ.

ಗೇಜಪ್ಪ ಬಂದಿದ್ದ. ನೀರಿನ ಆಫೀಸಿನವನು. ಮೆಟ್ಟಿಲ ಪಕ್ಕದ ಅಳತೆ ಕಂಬ, ಅವರ ಭಾಷೆಯಲ್ಲಿ ಗೇಜು, ಓದುವುದೇ ಅವನ ಕೆಲಸ, ಅದಕ್ಕೇ ಆ ಹೆಸರು. ಇಷ್ಟು ದಿನ ಓದಲು ಏನೂ ಇರಲಿಲ್ಲ. ಇವತ್ತು ಕಂಬದ ಬುಡ ಒದ್ದೆ. ಹೊಸ ಮದುಮಗನ ಹಾಗೆ ಹಲ್ಲು ಬಿಡುತ್ತ ಬಂದ.

"ತಾತ, ಮೇಲೆ ಬೆಟ್ಟದಲ್ಲಿ ಸರಿಯಾಗಿ ಸುರೀತಿದೆ. ಇನ್ನೊಂದು ತಿಂಗಳು, ನೀವು ದೋಣಿ ಬಿಡಬಹುದು."

"ಹೋಗಿ ಕಂಬ ಓದು," ಅಂದೆ.

ಯಾಕೆ ಸಿಡುಕಿದೆನೋ. ಒಳ್ಳೆ ಸುದ್ದಿಯೇ.

ಜೂನ್ 12

ಅಕ್ಕ ಬಂದಿದ್ದಳು. ಆಚೆ ದಡದಿಂದ, ಬತ್ತಿದ ಕೆರೆಯೊಳಗೇ ನಡೆದು. ಗಂಟೆಗಟ್ಟಲೆ ದಾರಿ. ದೋಣಿ ನೋಡಿ ಶುರು ಮಾಡಿದಳು.

"ಏನೋ, ಇನ್ನೂ ಈ ಹೆಣಕ್ಕೆ ಸಿಂಗಾರ ಮಾಡ್ತಿದೀಯಾ?"

"ನಿನಗೇನು? ನೀನು ಹತ್ತಲ್ವಲ್ಲ."

"ಹತ್ತಲ್ಲ. ಸತ್ತರೂ ಹತ್ತಲ್ಲ."

ಹತ್ತುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಹೊಲಿಗೆ ಯಂತ್ರ ದೋಣಿಗೆ ಭಾರವಾಗಿತ್ತು. ಜನ ತುಂಬಿದ್ದರು, ಗಾಳಿ ಬೇರೆ. ಇಳಿಸು ಅಂದೆ. ಯಂತ್ರದ ಜೊತೆ ಅವಳೂ ಇಳಿದಳು. ನಿನ್ನ ದೋಣಿಗೆ ಇನ್ನು ಕಾಲಿಡಲ್ಲ ಅಂದಳು, ಇಡಲಿಲ್ಲ. ನಾನು ಹೇಳಿದ್ದು ಸರಿ. ಈಗಲೂ ಸರಿ. ಸುತ್ತಿ ಬರುವ ಬಸ್ಸಿನಲ್ಲಿ ಅವಳಿಗೆ ಕರುಳು ಕಿತ್ತು ಬರುವಂಥ ವಾಂತಿ. ಹಾಗಾಗಿ ಮುಖ ನೋಡುವುದೇ ನಿಂತಿತ್ತು.

ಕೆರೆ ಬತ್ತಿದ ವರ್ಷ ಒಂದು ಮಧ್ಯಾಹ್ನ ಬಾಗಿಲು ತಟ್ಟಿದಳು. ಕಾಲೆಲ್ಲ ಧೂಳು. "ದೋಣಿ ಹತ್ತಿಲ್ಲ, ನೋಡ್ಕೋ," ಅಂದಳು. ಅವತ್ತಿನಿಂದ ವಾರಕ್ಕೆರಡು ಸಲ. ನನ್ನ ಅಂಗಿಗೆ ಗುಂಡಿ ಹಾಕುತ್ತಾಳೆ, ಬೈಯುತ್ತಾಳೆ, ಹೊತ್ತಿಳಿಯುವ ಮೊದಲೇ ಹೊರಡುತ್ತಾಳೆ.

ಜೂನ್ 19

ಕೆರೆಯ ನಡುವೆ ಪಾದ ಮುಳುಗುವಷ್ಟು ನೀರಂತೆ. ಅಕ್ಕ ಸೀರೆಯ ಅಂಚೆಲ್ಲ ನೆನೆಸಿಕೊಂಡು ಬಂದಳು.

"ಮೂರು ವರ್ಷ ನಾನೇ ಬಂದೆ. ನೀನು ಒಂದು ಸಲ ಆದ್ರೂ ಆಚೆ ಬಂದೆಯೇನೋ?"

"ದೋಣಿಯವನು ಕೆರೆಯಲ್ಲಿ ನಡೆಯೋದಾ? ನಗ್ತಾರೆ."

"ಯಾರು, ಕಪ್ಪೆಗಳಾ?"

ಅವಳು ಹೋದ ಮೇಲೆ ನಾಲ್ಕು ಉತ್ತರ ಹೊಳೆದವು.

ಜೂನ್ 26, ಸಂಜೆ

ದೋಣಿ ಮುಳುಗಿಸಿದೆ. ಅಂಚಿನ ನೀರಿಗೆ ಎಳೆದು, ಹೊಟ್ಟೆಗೆ ಕಲ್ಲು ತುಂಬಿ, ತಳಕ್ಕೆ ಕೂರಿಸಿದೆ. ನೀರು ಕುಡಿದು ಹಲಗೆ ಉಬ್ಬಬೇಕು, ಆಗಲೇ ಸಂದು ಮುಚ್ಚುವುದು. ಮುಳುಗದ ಹೊರತು ತೇಲುವುದಿಲ್ಲ. ದಡದ ತುಂಬ ಜನ. ನೀರು ನೋಡಲು ಬಂದವರು, ನೀರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು. ನನಗೆ ಕಾಲು ಸುಟ್ಟ ಬೆಕ್ಕಿನ ಹಾಗೆ — ಕೂತರೆ ಏಳಬೇಕು, ಎದ್ದರೆ ಕೂರಬೇಕು.

ಆ ಗದ್ದಲದಲ್ಲಿ ಅಕ್ಕ ಬಂದಳು, ಬಂದವಳೇ ಪಕ್ಕ ಕೂತು ನನ್ನ ಅಂಗಿಗೆ ಗುಂಡಿ ಹಾಕತೊಡಗಿದಳು. ಮೊಣಕಾಲಿನ ಮೇಲಿನವರೆಗೆ ಸೀರೆ ಒದ್ದೆ, ತುಟಿ ನೀಲಿ. ನನಗೆ ತಲೆ ಕೆಟ್ಟಿತು.

"ಇನ್ನು ಬರಬೇಡ. ಬಿದ್ದು ಸತ್ತರೆ ಹೆಣ ಹುಡುಕೋಕೆ ನನ್ನ ಹತ್ರ ದೋಣಿನೂ ಇಲ್ಲ!"

ಎಲ್ಲರೂ ತಿರುಗಿ ನೋಡಿದರು. ಅವಳು ಸೂಜಿಯಿಂದ ದಾರ ಕಿತ್ತಳು. ಅಂಗಿ ಮಡಚಿ ನನ್ನ ತೊಡೆಯ ಮೇಲಿಟ್ಟಳು.

"ಆಯ್ತಪ್ಪ. ಕೆರೆ ನಿನ್ನದು."

ಬಂದ ದಾರಿಯಲ್ಲೇ ಹೋದಳು. ತಲೆ ಚುಕ್ಕಿಯಾಗುವವರೆಗೆ ನೋಡಿದೆ. ಕೂಗಬಹುದಿತ್ತು.

ಜುಲೈ 3

ಬರಲಿಲ್ಲ. ಬರಬೇಡ ಅಂದವನು ನಾನೇ. ಆದರೂ ಅವಳು ಯಾವತ್ತು ನನ್ನ ಮಾತು ಕೇಳಿದ್ದಾಳೆ, ಈಗ ಕೇಳುವುದಕ್ಕೆ?

ಜುಲೈ 6

ಫೋನು ಮಾಡಿದೆ, ಕತ್ತರಿಸಿದಳು. ಮತ್ತೆ ಮಾಡಿದೆ, ಕತ್ತರಿಸಿದಳು. ಕೊನೆಗೆ ಮಗಳ ಕೈಯಲ್ಲಿ ಮಾಡಿಸಿದೆ. ಕೆಲಸ ಮಾಡುವ ಬೇಕರಿಯಿಂದ ಆಗ ತಾನೇ ಬಂದಿದ್ದಳು, ತೋಳಿನ ತುಂಬ ಹಿಟ್ಟು. ಎರಡು ಮಾತಾಡಿ ಇಟ್ಟಳು.

"ಚೆನ್ನಾಗಿದೀನಿ ಅಂತಾರೆ ಅತ್ತೆ. ಆದ್ರೆ ದನಿ ಸರಿ ಇಲ್ಲಪ್ಪ. ಅವರ ಮನೆ ಬಾಗಿಲು ಯಾರೋ ಬಡಿಯೋದು ಫೋನಲ್ಲಿ ನನಗೇ ಕೇಳಿಸ್ತು. ಅವರು ಎದ್ದು ತೆಗೀಲಿಲ್ಲ."

"ಬಸ್ಸಿಗೆ ಹೋಗ್ತೀನಿ."

"ಎಲ್ಲಿ ಬಸ್ಸು? ಹಳ್ಳ ಸೇರೋ ಕಡೆ ರಸ್ತೆ ನೀರಲ್ಲಿದೆ. ನಿಂತು ನಾಲ್ಕು ದಿನ ಆಯ್ತು."

ದೋಣಿಗೆ ಇನ್ನೂ ವಾರ ಬೇಕು. ಈಗ ಎತ್ತಿದರೆ ಜರಡಿ.

ಜುಲೈ 7, ಬೆಳಿಗ್ಗೆ

ಕಂಬದಲ್ಲಿ ಮತ್ತೆ ಒಂದು ಗೆರೆ ಮುಚ್ಚಿದೆ. ಅಕ್ಕನ ದಾರಿಯಲ್ಲಿ ಈಗ ಸೊಂಟದ ನೀರು ಇರಬಹುದು. ನಾಳೆ ಆ ದಾರಿಯೂ ಇರುವುದಿಲ್ಲ. ಊರಿಕೊಳ್ಳಲು ಬಿದಿರ ಗಳ ತೆಗೆದುಕೊಂಡಿದ್ದೇನೆ. ನಡೆದೇ ಹೋಗುತ್ತೇನೆ. ಮಗಳು ಕೆಲಸಕ್ಕೆ ಹೋಗಿದ್ದಾಳೆ, ಒಳ್ಳೆಯದಾಯಿತು. ನಗುವವರು ನಗಲಿ.

ಜುಲೈ 8

ದಿನಚರಿ ಪುಸ್ತಕ ನಮ್ಮ ಮನೆಯಲ್ಲಿದೆ. ಇದು ಅಕ್ಕ ಹೊಲಿಗೆಯ ಅಳತೆ ಬರೆದುಕೊಳ್ಳುವ ಚೀಟಿ, ಅದರ ಹಿಂಬದಿ.

ಕೆರೆಯ ನಡುವೆ ನೀರು ಎದೆಯವರೆಗೆ ಬಂತು. ಐವತ್ತು ವರ್ಷ ಈ ಕೆರೆಯ ಮೇಲೆ ಓಡಾಡಿದವನಿಗೆ, ತಳ ಹೀಗೆ ಮೆತ್ತಗೆ ಕಾಲು ಹಿಡಿಯುತ್ತದೆ ಅಂತ ಗೊತ್ತಿರಲಿಲ್ಲ. ಇದರಲ್ಲೇ ಆ ಮುದುಕಿ ವಾರಕ್ಕೆರಡು ಸಲ.

ಬಾಗಿಲು ದೂಡಿದೆ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಕುಂಬಳಕಾಯಿ.

"ಏನೋ ಇದು, ನೆನೆದ ಕೋಳಿ ಥರ?"

"ಕಾಲಿಗೇನಾಯ್ತು?"

"ಏನಿಲ್ಲ. ಸ್ವಲ್ಪ ಜಾರಿದೆ."

"ಯಾವತ್ತು?"

ಹೇಳುವುದೇನೂ ಬೇಡ, ನಾನು ಬರಬೇಡ ಅಂದ ಆ ಸಂಜೆಯೇ ಇರಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ನಮ್ಮ ಮನೆಯವರೆಲ್ಲ ಹಾಗೇ.

ಜುಲೈ 11

ಬೇಳೆ ಬೇಯಿಸಿದೆ, ತಳ ಹಿಡಿಯಿತು. "ದೋಣಿ ಆದ್ರೆ ಮುಳುಗಿಸ್ತೀಯ, ಪಾತ್ರೆ ಆದ್ರೆ ಸುಡ್ತೀಯ," ಅಂದಳು. ತಿಂದಳು. ಊತ ಇಳಿದಿಲ್ಲ. ಮುಟ್ಟಲು ಬಿಡುವುದಿಲ್ಲ. ಮೂಳೆ ಡಾಕ್ಟರು ನಮ್ಮ ದಡದಲ್ಲಿ. ಬಸ್ಸಿಲ್ಲ, ನಡೆಯುವ ಹಾಗಿಲ್ಲ. ನಾನೂ ಇಲ್ಲೇ ಸಿಕ್ಕಿಬಿದ್ದೆ. ಮಗಳು ಫೋನಿನಲ್ಲಿ ಹುಟ್ಟಿಸಿದವನೆಂದೂ ನೋಡದೆ ಉಗಿದಳು. ಆಮೇಲೆ, "ದೋಣಿ ನಾನೂ ಗೇಜಪ್ಪನೂ ಎತ್ತುತ್ತೀವಿ, ನೀನು ಬಾಯಿ ಮುಚ್ಕೊಂಡಿರು," ಅಂದಳು.

ಅಕ್ಕನಿಗೆ ಹೇಳಿದೆ.

"ಕಾಲು ಕೊಳೆತು ಬೀಳ್ಲಿ. ಆ ದೋಣಿ ಬೇಡ."

"ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ."

"ನನ್ನ ಹಟ ನಿನ್ನದಕ್ಕಿಂತ ಮೂರು ವರ್ಷ ಹಳೇದು."

ಇಡೀ ಮಧ್ಯಾಹ್ನ ಕಿಟಕಿಗೆ ಹೋದೆ, ಬಂದೆ, ಹೋದೆ. "ನೆಲ ಸವೀತದೆ," ಅಂದಳು.

ಜುಲೈ 14, ಬೆಳಿಗ್ಗೆ

ಬರುತ್ತಿದೆ. ಕಿಟಕಿಯಿಂದ ಕಾಣುತ್ತಿದೆ. ಹುಟ್ಟು ಹಾಕುತ್ತಿರುವುದು ಮಗಳು. ಗೇಜಪ್ಪ ಮುಂದೆ ಕೂತು ನೀರು ಮೊಗೆದು ಚೆಲ್ಲುತ್ತಿದ್ದಾನೆ, ಹೆಚ್ಚೇನಿಲ್ಲ. ಸಂದು ಕಚ್ಚಿದೆ. ಅಷ್ಟು ಆಳದಿಂದ ಹೇಗೆ ಎತ್ತಿದರೋ. ಬಲಕ್ಕೆ ಎಳೆಯುತ್ತಿದೆ, ನಾನಾಗಿದ್ದರೆ... ಬೇಡ.

ಅಕ್ಕ ಗೋಡೆ ಹಿಡಿದು ಒಂದೇ ಕಾಲಲ್ಲಿ ಬಂದು ಪಕ್ಕ ನಿಂತಳು.

"ಯಾರದೋ ಅದು ದೋಣಿ?"

ಗೊತ್ತು ಅವಳಿಗೆ. ಒಂದೊಂದು ಹಲಗೆಯೂ ಗೊತ್ತು. ನನ್ನ ಈ ಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಅರ್ಧ ಊರಿನ ಜೊತೆ ಮಾತು ಬಿಟ್ಟಿದೆ. ನನ್ನದೇ ಅಂತ ನಾಲಿಗೆಯ ತುದಿಗೆ ಬಂದಿತ್ತು.

"ಮಗಳದು," ಅಂದೆ.

"ಯಾವಾಗಿಂದ?"

"ಈಗಿಂದ."

ಹೇಳಿದ್ದಾಯಿತು, ಇನ್ನು ಕೊಟ್ಟೇಬಿಡಬೇಕು.

ಅಕ್ಕ ನನ್ನ ಮುಖವನ್ನೇ ನೋಡಿದಳು. ನಗಲಿಲ್ಲ.

"ಅವಳದಾದ್ರೆ ಸರಿ. ಅವಳ ಬಾಯಿ ನಿನ್ನಂಥದ್ದಲ್ಲ."

ಈಗ ಮಂಚದ ಕೆಳಗೆ ಕೋಲಿನಿಂದ ತಡಕುತ್ತಿದ್ದಾಳೆ. ಚಪ್ಪಲಿಯಂತೆ. ಒಂದು ಸಿಕ್ಕಿತು. ಇನ್ನೊಂದು ಮೂಲೆಯಲ್ಲಿದೆ, ಬಗ್ಗಿ ತೆಗೆದುಕೊಡೋ ಅಂತ ಕೂಗುತ್ತಿದ್ದಾಳೆ. ಎದ್ದು ಕೊಡಬೇಕು.